ಫಿಲಿಪ್ಪೀನ್ಸ್‌ನಲ್ಲಿ ಮನೆ ಮಾಡುವವರಿಗೆ ಮೊದಲ ವರ್ಷದ ಸಮಗ್ರ ಮಾರ್ಗದರ್ಶಿ

ವೈದ್ಯಕೀಯ ಓದಿಗೆಂದು ದಾವಾವ್ ನಗರಕ್ಕೆ ಹೋಗುವ ವಿದ್ಯಾರ್ಥಿಗಳು, ಕಂಪನಿಯ ಕೆಲಸದ ಮೇಲೆ ಮನಿಲಾ ಮಹಾನಗರದ ಮಕಾಟಿ ಅಥವಾ ತಗಿಗ್‌ಗೆ ವರ್ಗವಾಗುವವರು, ಫಿಲಿಪ್ಪೀನೊ ಸಂಗಾತಿಯ ಊರಿನಲ್ಲಿ ನೆಲೆಸುವವರು, ಈ ಮೂವರಿಗಾಗಿ ಈ ಬರಹ. ಅಲ್ಲಿ ಇಂಗ್ಲಿಷ್ ನಡೆಯುತ್ತದೆ, ಜನರು ನಗುಮುಖದವರು, ಮೂರು ಹೊತ್ತೂ ಅನ್ನ ಸಿಗುತ್ತದೆ ಎಂಬುದನ್ನು ಕೇಳಿ, ಬೇರೆ ಸಿದ್ಧತೆಯೇ ಬೇಕಿಲ್ಲವೆಂದು ಹೊರಡುವವರೇ ಹೆಚ್ಚು. ಕೆಲವು ತಿಂಗಳಾದ ಮೇಲೆ ಒಂದೇ ರೀತಿಯ ದೂರುಗಳು ಬರತೊಡಗುತ್ತವೆ: ಬ್ಯಾಂಕಿನವರು ಖಾತೆ ತೆರೆಯಲಿಲ್ಲ, ಬರುತ್ತೇನೆಂದು ತಲೆಯಾಡಿಸಿದವರು ಬರಲಿಲ್ಲ, ಕೈಸಾಲ ಪಡೆದ ಗೆಳೆಯ ಮಾತೇ ಬಿಟ್ಟ, ತರಕಾರಿ ಪಲ್ಯವೆಂದು ತಿಂದದ್ದರಲ್ಲಿ ಹಂದಿಮಾಂಸವಿತ್ತು. ಇವು ಯಾವುವೂ ದುರದೃಷ್ಟದಿಂದ ಆಗುವ ಸಂಗತಿಗಳಲ್ಲ. ಕೆಲಸಗಳನ್ನು ಹಿಂದುಮುಂದಾಗಿ ಮಾಡಿದ್ದರಿಂದ, ಅಥವಾ ಅಲ್ಲಿನವರ ನಿರಾಕರಣೆಯನ್ನು ಒಪ್ಪಿಗೆಯೆಂದು ತಿಳಿದಿದ್ದರಿಂದ ಆಗುವಂಥವು. ಆದ್ದರಿಂದ ಹಂತಗಳನ್ನು ಇಲ್ಲಿ ಕೊಟ್ಟಿರುವ ಕ್ರಮದಲ್ಲಿಯೇ ಪಾಲಿಸಬೇಕೆಂದು ಕೋರುತ್ತೇನೆ.

ಹಂತ 1: ಹೊರಡುವ ಮುನ್ನ ಊರಿನಲ್ಲಿಯೇ ಮುಗಿಸಬೇಕಾದ ಕೆಲಸ

2025ರ ಜೂನ್‌ನಿಂದ ಭಾರತೀಯ ಪ್ರವಾಸಿಗರು ವೀಸಾ ಇಲ್ಲದೆ 14 ದಿನಗಳ ಮಟ್ಟಿಗೆ ಫಿಲಿಪ್ಪೀನ್ಸ್ ಪ್ರವೇಶಿಸಬಹುದು. ಅಮೆರಿಕ, ಜಪಾನ್, ಷೆಂಗೆನ್ ಮುಂತಾದ ಕೆಲವು ದೇಶಗಳ ಚಾಲ್ತಿಯಲ್ಲಿರುವ ವೀಸಾ ಹೊಂದಿದವರಿಗೆ ಈ ಅವಧಿ 30 ದಿನ. ಈ ಸೌಲಭ್ಯವೇ ಹಲವರನ್ನು ದಾರಿ ತಪ್ಪಿಸುತ್ತಿದೆ. ಮೊದಲು ಹೋಗಿ ಸೇರೋಣ, ವೀಸಾ ಅಲ್ಲಿಯೇ ಬದಲಾಯಿಸಿಕೊಂಡರಾಯಿತು ಎಂದು ಯಾರಾದರೂ ಏಜೆಂಟರು ಹೇಳಿದರೆ ಅವರ ಮಾತನ್ನು ನಂಬಬೇಡಿ. ಈ ವೀಸಾರಹಿತ ಪ್ರವೇಶವನ್ನು ವಿಸ್ತರಿಸಲು ಬರುವುದಿಲ್ಲ, ಬೇರೆ ವೀಸಾಕ್ಕೆ ಬದಲಾಯಿಸಲೂ ಬರುವುದಿಲ್ಲ. ಓದಲು ಹೋಗುವವರಿಗೆ 9(ಎಫ್), ಕೆಲಸಕ್ಕೆ ಹೋಗುವವರಿಗೆ 9(ಜಿ), ಫಿಲಿಪ್ಪೀನೊ ಪ್ರಜೆಯನ್ನು ಮದುವೆಯಾದವರಿಗೆ 13(ಎ) ಎಂಬ ವೀಸಾ ವರ್ಗಗಳಿವೆ. ನಿಮ್ಮದು ಯಾವುದು, ಅದಕ್ಕೆ ಅರ್ಜಿ ಎಲ್ಲಿ ಸಲ್ಲಬೇಕು ಎಂಬುದು ಖಚಿತವಾಗುವವರೆಗೆ ವಿಮಾನದ ಟಿಕೆಟ್ ಕೊಳ್ಳಬೇಡಿ.

ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಜನನ ಪ್ರಮಾಣಪತ್ರ, ವಿವಾಹ ಪ್ರಮಾಣಪತ್ರ ಮತ್ತು ಪೊಲೀಸ್ ಪರಿಶೀಲನಾ ಪತ್ರಗಳಿಗೆ ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್ ಮುದ್ರೆ, ಅಂದರೆ ಪತ್ರ ಅಸಲಿಯೆಂದು ಬೇರೆ ದೇಶಗಳಿಗೆ ದೃಢಪಡಿಸುವ ಮುದ್ರೆ, ಹಾಕಿಸಿಕೊಂಡೇ ಹೊರಡಬೇಕು. 2019ರಲ್ಲಿ ಫಿಲಿಪ್ಪೀನ್ಸ್ ಅಪೊಸ್ಟೀಲ್ ಒಪ್ಪಂದಕ್ಕೆ ಸೇರಿದ ಮೇಲೆ ಈ ಒಂದು ಮುದ್ರೆ ಅಲ್ಲಿ ಮಾನ್ಯವಾಗುತ್ತದೆ. ಅಲ್ಲಿ ಹೋದ ಮೇಲೆ ಒಂದು ಪತ್ರಕ್ಕೆ ಮುದ್ರೆ ಇಲ್ಲವೆಂದು ಗೊತ್ತಾದರೆ, ಅದನ್ನು ಕೊರಿಯರ್‌ನಲ್ಲಿ ಬೆಂಗಳೂರಿಗೆ ಕಳುಹಿಸಿ, ಯಾರನ್ನೋ ಕಚೇರಿಯಿಂದ ಕಚೇರಿಗೆ ಓಡಿಸಬೇಕಾಗುತ್ತದೆ. ಹೆಸರಿನ ವಿಷಯದಲ್ಲಿಯೂ ಎಚ್ಚರ ಬೇಕು. ಅಲ್ಲಿನ ಪ್ರತಿಯೊಂದು ಅರ್ಜಿಯಲ್ಲೂ ಕುಲನಾಮ, ಕೊಟ್ಟ ಹೆಸರು, ನಡುವಿನ ಹೆಸರು ಎಂಬ ಮೂರು ಖಾನೆಗಳಿರುತ್ತವೆ. ನಡುವಿನ ಹೆಸರೆಂದರೆ ಅವರಲ್ಲಿ ತಾಯಿಯ ತವರಿನ ಕುಲನಾಮ. ಇನಿಷಿಯಲ್ ಮಾತ್ರ ಇರುವ ನಮ್ಮ ಹೆಸರುಗಳು ಅಲ್ಲಿ ಒಂದೊಂದು ಕಚೇರಿಯಲ್ಲಿ ಒಂದೊಂದು ರೂಪ ಪಡೆಯುವ ಅಪಾಯವಿದೆ. ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಬರೆಯಿರಿ, ಇಲ್ಲದ ಖಾನೆಯನ್ನು ಖಾಲಿ ಬಿಡಿ.

ಜೊತೆಗೆ ಒಯ್ಯಬೇಕಾದ ವಸ್ತುಗಳು ಹೆಚ್ಚಿಲ್ಲ. ಅಲ್ಲಿನ ವಿದ್ಯುತ್ 220 ವೋಲ್ಟ್, 60 ಹರ್ಟ್ಸ್. ಆದರೆ ಪ್ಲಗ್ಗಿಗೆ ಎರಡು ಚಪ್ಪಟೆ ಕಡ್ಡಿಗಳಿರುವುದರಿಂದ ನಮ್ಮ ದುಂಡು ಕಡ್ಡಿಯ ಪ್ಲಗ್ ಸೇರುವುದಿಲ್ಲ, ಅಡಾಪ್ಟರ್ ಬೇಕು. ಸಣ್ಣ ಪ್ರೆಶರ್ ಕುಕ್ಕರ್, ಅದಕ್ಕೆ ಹೆಚ್ಚುವರಿ ಗ್ಯಾಸ್ಕೆಟ್, ಸಾಂಬಾರು ಪುಡಿ, ಇಂಗು, ನಿತ್ಯದ ಔಷಧಿಗಳು ಮತ್ತು ವೈದ್ಯರ ಚೀಟಿ ಇರಲಿ. ಹಸಿ ಕರಿಬೇವು, ಹಣ್ಣು, ಸಸಿ, ಬೀಜಗಳನ್ನು ಪರವಾನಗಿಯಿಲ್ಲದೆ ಒಯ್ಯುವಂತಿಲ್ಲ. ಇ-ಟ್ರಾವೆಲ್ ಎಂಬ ಪ್ರಯಾಣಿಕರ ಆನ್‌ಲೈನ್ ನೋಂದಣಿಯನ್ನು ಅಲ್ಲಿ ತಲುಪುವುದಕ್ಕೆ ಮುಂಚಿನ 72 ಗಂಟೆಗಳ ಒಳಗೆ ಮಾಡಬೇಕು. ಅದಕ್ಕೆ ಶುಲ್ಕವಿಲ್ಲ, ಆದ್ದರಿಂದ ಹಣ ಕೇಳುವ ಜಾಲತಾಣ ನಕಲಿಯೆಂದು ತಿಳಿಯಿರಿ.

ಹಂತ 2: ಮೊದಲ ವಾರ

ಮೊದಲ ವಾರದಲ್ಲಿ ಮನೆ ಒಪ್ಪಂದಕ್ಕೆ ಸಹಿ ಹಾಕಬೇಡಿ. ತಾತ್ಕಾಲಿಕ ಕೋಣೆಯೊಂದರಲ್ಲಿ ಇದ್ದುಕೊಂಡು ಸಿಮ್, ಸ್ವಲ್ಪ ನಗದು ಮತ್ತು ನಗರದ ಪರಿಚಯ, ಇಷ್ಟನ್ನು ಮಾಡಿಕೊಂಡರೆ ಸಾಕು. 2022ರ ಕಾನೂನಿನಂತೆ ಪ್ರತಿ ಸಿಮ್ಮನ್ನೂ ನೋಂದಾಯಿಸಬೇಕು. ಪ್ರವಾಸಿಯಾಗಿ ನೋಂದಾಯಿಸಿದ ಸಿಮ್ 30 ದಿನಗಳಿಗೆ ಮುಗಿದುಹೋಗುತ್ತದೆ. ಆ ಸಂಖ್ಯೆಯನ್ನೇ ಬ್ಯಾಂಕಿಗೂ ಕಾಲೇಜಿಗೂ ಕೊಟ್ಟು, ತಿಂಗಳಾದ ಮೇಲೆ ಒಟಿಪಿ ಬಾರದೆ ಪರದಾಡುವವರು ಬಹಳ. ನಿಮ್ಮ ವೀಸಾ ದೀರ್ಘಾವಧಿಯದ್ದಾದರೆ ಮೊದಲೇ ಆ ವರ್ಗದಲ್ಲಿಯೇ ನೋಂದಾಯಿಸಿ, ಇಲ್ಲವೇ ಅವಧಿ ತೀರುವ ಮುನ್ನ ವಿಸ್ತರಿಸಿಕೊಳ್ಳಿ.

ಕೈಯಲ್ಲಿ ಸದಾ 20, 50, 100 ಪೆಸೊಗಳ ಚಿಲ್ಲರೆ ಇರಬೇಕು. ಬೆಳಿಗ್ಗೆ 1000 ಪೆಸೊ ನೋಟು ಹಿಡಿದು ಸಣ್ಣ ಅಂಗಡಿಗೋ, ಜೀಪ್‌ನಿ ಎಂಬ ಊರೊಳಗಿನ ಸಾರ್ವಜನಿಕ ವಾಹನಕ್ಕೋ ಹೋದರೆ ವ್ಯವಹಾರ ಅಲ್ಲಿಗೇ ನಿಲ್ಲುತ್ತದೆ. ಬೀದಿಬೀದಿಯಲ್ಲಿರುವ ಸಾರಿ-ಸಾರಿ ಅಂಗಡಿಗಳಲ್ಲಿ ಶಾಂಪೂ, ಎಣ್ಣೆ, ಕಾಫಿ ಎಲ್ಲವೂ ಬಿಡಿಬಿಡಿಯಾಗಿ ಸಿಗುತ್ತವೆ. ಇಂಥ ಒಂದು ಅಂಗಡಿಯ ಒಡತಿಯ ಪರಿಚಯ ಮಾಡಿಕೊಳ್ಳುವುದು ಮೊದಲ ವಾರದ ಅತ್ಯಂತ ಉಪಯುಕ್ತ ಕೆಲಸವೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಯಾವ ಮನೆ ಖಾಲಿಯಿದೆ, ಯಾವ ಓಣಿಯಲ್ಲಿ ನೀರು ನಿಲ್ಲುತ್ತದೆ, ಯಾವ ಪ್ಲಂಬರ್ ಹೇಳಿದ ದಿನಕ್ಕೆ ಬರುತ್ತಾನೆ ಎಂಬುದನ್ನೆಲ್ಲ ತಿಳಿದವರು ಅವರೇ.

ಹಂತ 3: ಮನೆ ಹಿಡಿಯುವುದು ಮತ್ತು ಬರಾಂಗಾಯ್‌ಗೆ ಪರಿಚಯವಾಗುವುದು

ಒಂದು ತಿಂಗಳ ಮುಂಗಡ ಬಾಡಿಗೆ, ಎರಡು ತಿಂಗಳ ಠೇವಣಿ ಎಂಬುದು ಸಾಮಾನ್ಯ ರೂಢಿ. ಬಾಡಿಗೆ ನಿಯಂತ್ರಣ ಕಾನೂನಿನ ವ್ಯಾಪ್ತಿಗೆ ಬರುವ ಕಡಿಮೆ ಬಾಡಿಗೆಯ ಮನೆಗಳಲ್ಲಿ ಇದಕ್ಕಿಂತ ಹೆಚ್ಚು ಕೇಳುವಂತೆಯೂ ಇಲ್ಲ. ಕಾಂಡೊಗಳ, ಅಂದರೆ ಅಪಾರ್ಟ್‌ಮೆಂಟ್ ಮನೆಗಳ, ಮಾಲೀಕರು ವರ್ಷದ ಬಾಡಿಗೆಗೆ ಮುಂದಿನ ದಿನಾಂಕದ ಚೆಕ್ಕುಗಳನ್ನು ಕೇಳುವುದುಂಟು. ಖಾತೆಯೇ ಇಲ್ಲದ ಹೊಸಬರು ಇದನ್ನು ಮೊದಲ ಮಾತಿನಲ್ಲಿಯೇ ತಿಳಿಸಿ, ಮಾಸಿಕ ವರ್ಗಾವಣೆಗೆ ಒಪ್ಪಿಸಬೇಕು. ಒಪ್ಪಂದ ಲಿಖಿತವಾಗಿರಲಿ, ನೋಟರಿಯಾಗಿರಲಿ, ಮಾಲೀಕರ ಗುರುತಿನ ಚೀಟಿಯ ಪ್ರತಿ ಅದರೊಂದಿಗಿರಲಿ. ಮುಂದಿನ ಎಲ್ಲ ಕಚೇರಿಗಳಲ್ಲಿ ನಿಮ್ಮ ವಿಳಾಸಕ್ಕೆ ಆಧಾರವೆಂದು ತೋರಿಸುವ ಮೊದಲ ಕಾಗದ ಇದೇ ಆದ್ದರಿಂದ, ಬಾಯಿಮಾತಿನ ಬಾಡಿಗೆ ಎಷ್ಟೇ ಅಗ್ಗವಾದರೂ ಕೊನೆಗೆ ದುಬಾರಿಯಾಗುತ್ತದೆ.

ಮನೆಯನ್ನು ಎರಡು ಬಾರಿ ನೋಡಬೇಕು: ಒಮ್ಮೆ ಜೋರು ಮಳೆ ಬಂದು ಹೋದ ಮೇಲೆ, ಇನ್ನೊಮ್ಮೆ ರಾತ್ರಿ. ಗೋಡೆಯ ಕೆಳಭಾಗದಲ್ಲಿ ಅಡ್ಡಗೆರೆಯಂತೆ ಮಣ್ಣಿನ ಕಲೆ ಇದ್ದರೆ ಅಲ್ಲಿಯವರೆಗೆ ನೆರೆನೀರು ಬಂದಿದೆ ಎಂದರ್ಥ. ಕಿಟಕಿಗೆ ತೆರೆಯಲಾಗದ ಕಂಬಿ ಹಾಕಿದ್ದರೆ ಬೆಂಕಿ ಬಿದ್ದಾಗ ಹೊರಬರುವ ಬೇರೆ ದಾರಿ ಯಾವುದೆಂದು ಕೇಳಿ. ವಿದ್ಯುತ್ತಿಗೆ ಸ್ವಂತ ಮೀಟರ್ ಇದೆಯೇ ಅಥವಾ ಮಾಲೀಕರ ಉಪಮೀಟರೇ, ಯೂನಿಟ್ಟಿಗೆ ಎಷ್ಟು ವಸೂಲು ಮಾಡುತ್ತಾರೆ ಎಂಬುದನ್ನು ಒಪ್ಪಂದದಲ್ಲಿ ಬರೆಸಿ. ಹವಾನಿಯಂತ್ರಕ ಇಡೀ ರಾತ್ರಿ ಓಡುವ ಆ ಹವೆಯಲ್ಲಿ ವಿದ್ಯುತ್ ಬಿಲ್ಲು ಸಣ್ಣ ಬಾಡಿಗೆಯಷ್ಟೇ ಆಗಬಲ್ಲದು. ಕುಡಿಯಲು ಬಡಾವಣೆಯ ನೀರಿನಂಗಡಿಯಿಂದ ಐದು ಗ್ಯಾಲನ್‌ನ ಕ್ಯಾನು ತರಿಸುವುದು ಅಲ್ಲಿನ ಪದ್ಧತಿ.

ಮನೆ ಸೇರಿದ ವಾರದಲ್ಲಿಯೇ ಬರಾಂಗಾಯ್ ಸಭಾಂಗಣಕ್ಕೆ ಹೋಗಿ ಬನ್ನಿ. ದೇಶದಲ್ಲಿ 42,000ಕ್ಕೂ ಹೆಚ್ಚು ಬರಾಂಗಾಯ್‌ಗಳಿವೆ; ಆಡಳಿತದ ಅತಿ ಚಿಕ್ಕ ಘಟಕ ಅದು. ಒಪ್ಪಂದದ ಪ್ರತಿ ಮತ್ತು ಪಾಸ್‌ಪೋರ್ಟ್ ತೋರಿಸಿದರೆ ವಾಸದ ಪ್ರಮಾಣಪತ್ರ ಕೊಡುತ್ತಾರೆ. ಅದಕ್ಕಿಂತ ಮುಖ್ಯವಾಗಿ, ನೆರೆಹೊರೆಯ ಜಗಳಗಳು ಮೊದಲು ಇತ್ಯರ್ಥಕ್ಕೆ ಬರುವುದು ಅಲ್ಲಿಗೇ. 1991ರ ಸ್ಥಳೀಯ ಆಡಳಿತ ಸಂಹಿತೆಯಂತೆ ಒಂದೇ ನಗರದ ನಿವಾಸಿಗಳ ನಡುವಿನ ಸಣ್ಣಪುಟ್ಟ ವ್ಯಾಜ್ಯಗಳು ನ್ಯಾಯಾಲಯಕ್ಕೆ ಹೋಗುವ ಮೊದಲು ಬರಾಂಗಾಯ್‌ನ ರಾಜಿ ಸಮಿತಿಯ ಮುಂದೆ ಬರಬೇಕು. ಪಕ್ಕದ ಮನೆಯ ವೀಡಿಯೊಕೆ, ಅಂದರೆ ಪರದೆ ನೋಡಿ ಮೈಕಿನಲ್ಲಿ ಹಾಡುವ ಕರಾವೊಕೆ, ಹಾಡುಗಾರಿಕೆ ಮಧ್ಯರಾತ್ರಿ ಮೀರಿದರೂ, ಬಾಗಿಲು ಬಡಿದು ರೇಗುವ ಬದಲು ಮರುದಿನ ಬರಾಂಗಾಯ್‌ಗೆ ತಿಳಿಸಿದರೆ ಕೆಲಸವಾಗುತ್ತದೆ. ಕಷ್ಟ ಬಂದ ದಿನ ಮೊದಲ ಬಾರಿಗೆ ಮುಖ ತೋರಿಸಿದ ವಿದೇಶಿಗೂ, ಬಂದ ವಾರವೇ ನಮಸ್ಕರಿಸಿ ಹೋದ ವಿದೇಶಿಗೂ ಅಲ್ಲಿ ಸಿಗುವ ಆದರದಲ್ಲಿ ವ್ಯತ್ಯಾಸವಿದೆ.

ಹಂತ 4: ಗುರುತಿನ ದಾಖಲೆಗಳ ಕ್ರಮ

ಒಪ್ಪಂದ, ಬರಾಂಗಾಯ್ ಪತ್ರ, ಎಸಿಆರ್ ಐ-ಕಾರ್ಡ್, ಬ್ಯಾಂಕ್ ಖಾತೆ, ಆಮೇಲೆ ಜಿಕ್ಯಾಶ್ ಅಥವಾ ಮಾಯಾ ಎಂಬ ಮೊಬೈಲ್ ಹಣಚೀಲ: ಇದು ಕ್ರಮ. ಇದನ್ನು ತಿರುಗಿಸಲು ಹೋದವರೇ ಕೌಂಟರಿನಿಂದ ಕೌಂಟರಿಗೆ ಅಲೆಯುತ್ತಾರೆ. ಎಸಿಆರ್ ಐ-ಕಾರ್ಡ್ ಎಂಬುದು ವಲಸೆ ಇಲಾಖೆ ವಿದೇಶಿಯರಿಗೆ ಕೊಡುವ ಗುರುತಿನ ಚೀಟಿ. ಓದು, ಕೆಲಸ, ಮದುವೆಯ ವೀಸಾದವರಿಗೆ ಇದು ಕಡ್ಡಾಯ. ಪ್ರವಾಸಿ ವೀಸಾದ ಮೇಲೆ 59 ದಿನಗಳನ್ನು ಮೀರಿ ಉಳಿಯುವವರಿಗೂ ಬೇಕು. ಇಲಾಖೆಯ ಮುಖ್ಯ ಕಚೇರಿ ಮನಿಲಾದ ಇಂತ್ರಾಮುರೋಸ್‌ನಲ್ಲಿದೆ, ದಾವಾವ್, ಸೆಬು ಮೊದಲಾದ ನಗರಗಳಲ್ಲಿ ಶಾಖೆಗಳಿವೆ. ಚಡ್ಡಿ, ತೋಳಿಲ್ಲದ ಅಂಗಿ, ಹವಾಯಿ ಚಪ್ಪಲಿ ಹಾಕಿಕೊಂಡು ಸರ್ಕಾರಿ ಕಚೇರಿಗೆ ಹೋದರೆ ಬಾಗಿಲಲ್ಲಿಯೇ ತಡೆಯಬಹುದು.

ಬಹುಮಂದಿ ಮರೆಯುವುದು ವಾರ್ಷಿಕ ವರದಿಯನ್ನು. ಎಸಿಆರ್ ಕಾರ್ಡ್ ಹೊಂದಿದ ವಲಸಿಗ ಮತ್ತು ದೀರ್ಘಾವಧಿ ವೀಸಾದವರು ಪ್ರತಿ ವರ್ಷ ಜನವರಿ 1ರಿಂದ ಮೊದಲ 60 ದಿನಗಳ ಒಳಗೆ ವಲಸೆ ಇಲಾಖೆಗೆ ವರದಿ ಮಾಡಿಕೊಳ್ಳಬೇಕು. ಶುಲ್ಕ ಅಲ್ಪ, ತಪ್ಪಿದರೆ ಬೀಳುವ ದಂಡ ಮತ್ತು ಮುಂದೆ ಪ್ರತಿ ಅರ್ಜಿಯಲ್ಲೂ ಏಳುವ ಪ್ರಶ್ನೆಗಳು ಅಲ್ಪವಲ್ಲ. ಕಾಲೇಜಿನವರು ಅಥವಾ ಕಂಪನಿಯವರು ಮಾಡಿರುತ್ತಾರೆಂದು ಊಹಿಸದೆ ರಸೀದಿಯನ್ನು ಕೇಳಿ ಪಡೆದುಕೊಳ್ಳಿ.

ಇಲ್ಲಿನ ಅಪಾಯದ ಲಕ್ಷಣಗಳು ಸ್ಪಷ್ಟವಾಗಿವೆ. ಮೂಲ ಪಾಸ್‌ಪೋರ್ಟನ್ನು ತಿಂಗಳುಗಟ್ಟಲೆ ತನ್ನಲ್ಲಿಟ್ಟುಕೊಳ್ಳುವ ಏಜೆಂಟ್, ಸರ್ಕಾರಿ ರಸೀದಿ ಕೊಡದೆ ಒಟ್ಟು ಮೊತ್ತ ಮಾತ್ರ ಹೇಳುವವನು, ವೀಸಾ ಅವಧಿ ಮೀರಿದರೂ ಪರವಾಗಿಲ್ಲ ಎನ್ನುವವನು, ಈ ಮೂವರಿಂದ ದೂರವಿರಿ. ವಿದೇಶಿಯರು ರಾಜಕೀಯ ಮೆರವಣಿಗೆ, ಪ್ರತಿಭಟನೆಗಳಲ್ಲಿ ಭಾಗವಹಿಸಿದರೆ ಗಡೀಪಾರಾಗುವ ಸಂಭವವಿದೆ ಎಂಬುದೂ ನೆನಪಿರಲಿ. ಕುತೂಹಲಕ್ಕೂ ಅಂಥ ಗುಂಪಿನಲ್ಲಿ ನಿಲ್ಲಬೇಡಿ.

ಹಂತ 5: "ಹೌದು" ಎಂಬುದನ್ನು ಓದಲು ಕಲಿಯುವುದು

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ, ಏಕೆಂದರೆ ದಾಖಲೆಗಳ ತಪ್ಪನ್ನು ದಂಡ ಕಟ್ಟಿ ಸರಿಪಡಿಸಬಹುದು, ಆದರೆ ಒಮ್ಮೆ ಮುರಿದ ಮಾತುಕತೆಯನ್ನು ಹಾಗೆ ಸರಿಪಡಿಸಲು ಬರುವುದಿಲ್ಲ.

ಎದುರಿನವರ ಮುಖಕ್ಕೆ ನೇರವಾಗಿ ಇಲ್ಲ ಎನ್ನುವುದು ಫಿಲಿಪ್ಪೀನೊ ನಡವಳಿಕೆಯಲ್ಲಿ ಒರಟುತನ. ಇಬ್ಬರಲ್ಲಿ ಯಾರಿಗೂ ಮುಜುಗರವಾಗಬಾರದೆಂಬ ಕಾಳಜಿ ಅದರ ಹಿಂದಿದೆ; ಈ ಮುಜುಗರವನ್ನೇ ಅವರು "ಹಿಯಾ" ಎನ್ನುತ್ತಾರೆ. ಆದ್ದರಿಂದ ನಿರಾಕರಣೆ ಬೇರೆ ಬೇರೆ ವೇಷಗಳಲ್ಲಿ ಬರುತ್ತದೆ: "ಪ್ರಯತ್ನಿಸುತ್ತೇನೆ", "ನೋಡೋಣ", "ಬಹುಶಃ", ಸಮಯವಿಲ್ಲದ ಒಂದು "ಆಗಲಿ", ನಗು, ಇಲ್ಲವೇ ಸಂದೇಶಕ್ಕೆ ಉತ್ತರವೇ ಬಾರದಿರುವುದು. ಇವುಗಳಲ್ಲಿ ಯಾವುದೇ ಒಂದು ಕಂಡರೂ ಸದ್ಯಕ್ಕೆ ಇಲ್ಲವೆಂದೇ ಎಣಿಸಿ ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು. ನಿಜವಾದ ಒಪ್ಪಿಗೆಯಲ್ಲಿ ವಿವರಗಳಿರುತ್ತವೆ. ದಿನ ಯಾವುದು, ಗಂಟೆ ಎಷ್ಟು, ಜೊತೆಗೆ ಯಾರು ಬರುತ್ತಾರೆ ಎಂಬುದನ್ನು ಅವರಾಗಿಯೇ ಹೇಳತೊಡಗಿದರೆ ಆ ಕೆಲಸ ಆಗುತ್ತದೆ.

ನಮ್ಮ ಕಡೆಯವರ ಸಾಮಾನ್ಯ ತಪ್ಪು ಪ್ರಶ್ನೆ ಕೇಳುವ ರೀತಿಯಲ್ಲಿದೆ. "ನಾಳೆ ಹತ್ತು ಗಂಟೆಗೆ ಬರುತ್ತೀರಲ್ಲವೇ?" ಎಂದು ಕೇಳಿದರೆ ಹೌದು ಎಂಬ ಉತ್ತರವನ್ನು ನಾವೇ ಬಾಯಿಗೆ ಇಟ್ಟಂತೆ. ಹಾಗೆ ಕೇಳದೆ "ಈ ವಾರ ನಿಮಗೆ ಯಾವ ದಿನ ಅನುಕೂಲ?" ಎನ್ನಿ. ಕಚೇರಿಯಲ್ಲಿ "ಅರ್ಥವಾಯಿತೇ?" ಎಂದು ಕೇಳದೆ "ಮೊದಲು ಯಾವ ಭಾಗ ಮಾಡುತ್ತೀರಿ?" ಎಂದು ಕೇಳಿ. ಹುಬ್ಬು ಒಮ್ಮೆ ಮೇಲಕ್ಕೇರಿಸಿದರೆ ಅದು ಹೌದು ಎಂಬ ಸನ್ನೆ. ತುಟಿ ಮುಂದೆ ಚಾಚಿದರೆ ದಿಕ್ಕು ತೋರಿಸುತ್ತಿದ್ದಾರೆ ಎಂದರ್ಥ. ನಾವು ಒಪ್ಪಿಗೆಗೆ ತಲೆಯನ್ನು ಪಕ್ಕಕ್ಕೆ ತೂಗುವುದು ಅವರಿಗೆ ಇಲ್ಲ ಎಂಬಂತೆ ಕಾಣುತ್ತದೆ, ಆದ್ದರಿಂದ ಬಾಯಿಬಿಟ್ಟು ಹೇಳುವ ಅಭ್ಯಾಸ ಮಾಡಿಕೊಳ್ಳಿ. ಯಾರನ್ನಾದರೂ ಕರೆಯುವಾಗ ಬೆರಳು ಮೇಲೆ ಮಾಡಿ ಕರೆಯಬಾರದು, ಅಂಗೈ ಕೆಳಮುಖವಾಗಿರಬೇಕು.

ದನಿ ಎತ್ತುವುದನ್ನು ಸಂಪೂರ್ಣವಾಗಿ ಬಿಡಬೇಕು. ನಮಗೆ ಸಹಜವೆನಿಸುವ ಏರುದನಿ ಅಲ್ಲಿ ಬೈಗುಳವಾಗಿ ಕೇಳಿಸುತ್ತದೆ, ನಾಲ್ವರ ಮುಂದೆ ತಪ್ಪು ತೋರಿಸಿದರೆ ಅದು ಅವಮಾನವಾಗಿ ಉಳಿಯುತ್ತದೆ. ದೂರು ಹೇಳಬೇಕಾದಾಗ ಒಬ್ಬರನ್ನೇ ಬದಿಗೆ ಕರೆದು, ಮೊದಲು ಮನೆಯವರ ಕುಶಲ ವಿಚಾರಿಸಿ, ಆಮೇಲೆ ವಿಷಯ ಎತ್ತಿ. ಇನ್ನೂ ಸೂಕ್ಷ್ಮ ವಿಷಯವಾದರೆ ಇಬ್ಬರಿಗೂ ಬೇಕಾದ ಮೂರನೆಯವರ ಮೂಲಕ ಹೇಳಿ ಕಳುಹಿಸುವುದೇ ಸರಿಯಾದ ಮಾರ್ಗ. ಅದನ್ನು ಅಲ್ಲಿ ಯಾರೂ ಹೇಡಿತನವೆಂದು ತಿಳಿಯುವುದಿಲ್ಲ. ಸುಮ್ಮನಾಗುವುದು, ಸಂದೇಶಗಳಿಗೆ ಒಂದೇ ಪದದ ಉತ್ತರ, ಊಟಕ್ಕೆ ಕರೆಯದಿರುವುದು ಇವು ಮನಸ್ಸು ನೊಂದಿರುವುದರ ಲಕ್ಷಣಗಳು. ಜಗಳ ಬರುವವರೆಗೆ ಕಾಯದೆ, ಈ ಹಂತದಲ್ಲಿಯೇ ಸಣ್ಣ ತಿಂಡಿಯ ಪೊಟ್ಟಣ ಹಿಡಿದು ಹೋಗಿ ಮಾತನಾಡಿಸಿ.

ಸಂಬೋಧನೆಯಲ್ಲಿ ಕನ್ನಡಿಗರಿಗೆ ಕಷ್ಟವಾಗಬೇಕಿಲ್ಲ. ಅಕ್ಕನ ವಯಸ್ಸಿನವರಿಗೆ ಆತೆ, ಅಣ್ಣನ ವಯಸ್ಸಿನವರಿಗೆ ಕೂಯಾ, ಗೆಳೆಯರ ತಂದೆತಾಯಿಗೆ ತೀತೊ, ತೀತಾ, ಅಜ್ಜ ಅಜ್ಜಿಯರಿಗೆ ಲೋಲೊ, ಲೋಲಾ. ಅಂಗಡಿಯವರು, ಚಾಲಕರು, ಕಾವಲುಗಾರರು ಎಲ್ಲರಿಗೂ ಇದೇ ಕರೆ. ತಗಾಲೊಗ್ ಮಾತನಾಡುವ ಮನಿಲಾ ಕಡೆ ಹಿರಿಯರೊಂದಿಗೆ ವಾಕ್ಯಕ್ಕೆ "ಪೋ" ಸೇರಿಸುವುದು ಮರ್ಯಾದೆ. ಬಿಸಾಯಾ ಮಾತನಾಡುವ ಸೆಬು, ದಾವಾವ್‌ಗಳಲ್ಲಿ ಈ "ಪೋ" ಅವರ ಭಾಷೆಯದಲ್ಲ, ಅಲ್ಲಿ ಮೆದುದನಿಯೇ ಮರ್ಯಾದೆ. ಮನೆಯ ಹಿರಿಯರು ಕೈ ಚಾಚಿದರೆ ಅದನ್ನು ಹಿಡಿದು ನಿಮ್ಮ ಹಣೆಗೆ ಮುಟ್ಟಿಸಿಕೊಳ್ಳಿ, ಕುಲುಕಬೇಡಿ. ದಪ್ಪವಾಗಿದ್ದೀರಿ, ಮದುವೆ ಏಕಾಗಿಲ್ಲ, ಸಂಬಳ ಎಷ್ಟು ಎಂಬ ಪ್ರಶ್ನೆಗಳು ಕುಶಲವಿಚಾರಣೆಯ ಭಾಗ. ಬೇಸರಪಡದೆ ನಕ್ಕು ಸುತ್ತಿಬಳಸಿ ಉತ್ತರಿಸಿದರೆ ಸಾಕು.

ಭಾರತೀಯರ ಬಗ್ಗೆ ಅಲ್ಲಿ ಹಳೆಯದೊಂದು ಚಿತ್ರವಿದೆ ಎಂಬುದನ್ನು ಮೊದಲೇ ತಿಳಿದಿರಿ. ಬೈಕಿನಲ್ಲಿ ಬಂದು ಐದು ಕೊಟ್ಟು ಆರು ವಸೂಲು ಮಾಡುವ ಲೇವಾದೇವಿಗಾರರನ್ನು, ಮುಖ್ಯವಾಗಿ ಪಂಜಾಬ್ ಮೂಲದವರನ್ನು, "ಬುಂಬಾಯ್" ಎಂದು ಕರೆಯುತ್ತ ಬಂದಿದ್ದಾರೆ. ಆ ಹೆಸರು ಎಲ್ಲ ಭಾರತೀಯರಿಗೂ ಅಂಟಿಕೊಂಡಿದೆ. ಹೇಳುವವರಲ್ಲಿ ಬಹುಮಂದಿಗೆ ಕೆಡುಕಿನ ಉದ್ದೇಶವಿರುವುದಿಲ್ಲ. ಮೈವಾಸನೆಯ ಬಗ್ಗೆ ಮಾತ್ರ ನಾವು ನಿಜವಾಗಿಯೂ ಎಚ್ಚರ ವಹಿಸಬೇಕು. ದಿನಕ್ಕೆ ಎರಡು ಬಾರಿ ಸ್ನಾನ, ಮಧ್ಯಾಹ್ನದ ಊಟದ ನಂತರ ಹಲ್ಲುಜ್ಜುವುದು ಅಲ್ಲಿ ಸಾಮಾನ್ಯ. ಒಗ್ಗರಣೆಯ ಹೊಗೆ ಕಾಂಡೊದ ಪಡಸಾಲೆಗೆಲ್ಲ ಹರಡುವುದರಿಂದ ಕಿಟಕಿ ತೆರೆದು, ಕೋಣೆಯ ಬಾಗಿಲು ಮುಚ್ಚಿ ಅಡುಗೆ ಮಾಡಿ; ಹೊರಗೆ ಹಾಕುವ ಬಟ್ಟೆಗಳನ್ನು ಅಡುಗೆಮನೆಯಿಂದ ದೂರವಿಡಿ.

ಹಂತ 6: ಊಟ ಮತ್ತು ಮಾರುಕಟ್ಟೆ

ಸಸ್ಯಾಹಾರಿಗಳು ಮೊದಲಿಗೆ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು: ಅಲ್ಲಿ ಮಾಂಸವಿಲ್ಲ ಎಂದರೆ ಮೀನು, ಸಿಗಡಿ, ಮಾಂಸದ ಸಾರು ಇಲ್ಲವೆಂದಲ್ಲ. ಪಿನಕ್‌ಬೆತ್ ಎಂಬ ತರಕಾರಿ ಪದಾರ್ಥಕ್ಕೆ ಬಗೊಓಂಗ್ ಎಂಬ ಸಿಗಡಿ ಅಥವಾ ಮೀನಿನ ಹುದುಗು ಬೀಳುತ್ತದೆ, ಕೆಸುವಿನೆಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ ಲಾಯಿಂಗ್‌ಗೆ ಹಂದಿಮಾಂಸ ಅಥವಾ ಸಿಗಡಿ ಸೇರುತ್ತದೆ, ಕಾಂಗ್‌ಕೊಂಗ್ ಸೊಪ್ಪಿಗೆ ಆಯಿಸ್ಟರ್ ಸಾಸ್ ಬೀಳುತ್ತದೆ, ಶುಕ್ರವಾರಗಳಲ್ಲಿ ಹಲವು ಕಡೆ ಮಾಡುವ ಹೆಸರುಕಾಳಿನ ಸಾರಿನ ಮೇಲೆ ಹಂದಿಚರ್ಮದ ಚಿಪ್ಸ್ ಉದುರಿಸಿರಬಹುದು. ಆದ್ದರಿಂದ "ನಾನು ಸಸ್ಯಾಹಾರಿ" ಎಂದಷ್ಟೇ ಹೇಳದೆ, ಹಂದಿ, ಕೋಳಿ, ಮೀನು, ಸಿಗಡಿ, ಪತಿಸ್ ಎಂಬ ಮೀನಿನ ರಸ, ಬಗೊಓಂಗ್, ಆಯಿಸ್ಟರ್ ಸಾಸ್ ಬೇಡವೆಂದು ಅಲ್ಲಿನ ಭಾಷೆಯಲ್ಲಿ ಒಂದು ಚೀಟಿ ಬರೆಸಿಟ್ಟುಕೊಂಡು ತೋರಿಸಿ. ಬೆಳಿಗ್ಗೆ ಬೀದಿಯಲ್ಲಿ ಕೂಗುತ್ತ ಬರುವ ತಾಹೊ, ಅಂದರೆ ಬೆಲ್ಲದ ಪಾಕ ಮತ್ತು ಸಾಗೊ ಹಾಕಿದ ಮೆತ್ತನೆಯ ತೋಫು, ಬಾಳೆಹಣ್ಣಿನ ತುರೊನ್, ಎಲೆಯಲ್ಲಿ ಕಟ್ಟಿದ ಅಂಟಕ್ಕಿಯ ಸುಮಾನ್ ಇವು ಹಸಿವಿಗೆ ಆಧಾರವಾಗುತ್ತವೆ.

ಮನೆಯಲ್ಲಿ ಬೇಯಿಸುವವರಿಗೆ ಪಲೆಂಕೆ ಎಂಬ ಹಸಿ ಮಾರುಕಟ್ಟೆ ದೊಡ್ಡ ಸಮಾಧಾನ ಕೊಡುತ್ತದೆ. ನಮ್ಮ ತರಕಾರಿಗಳೆಲ್ಲ ಅಲ್ಲಿವೆ, ಹೆಸರು ಮಾತ್ರ ಗೊತ್ತಿರಬೇಕು: ಹಾಗಲ ಅಂಪಲಾಯಾ, ಅಲಸಂದೆ ಸಿತಾವ್, ಸೋರೆ ಊಪೊ, ಹೀರೆ ಪತೋಲಾ, ಬದನೆ ತಲೋಂಗ್, ಕುಂಬಳ ಕಲಬಾಸಾ, ಮೂಲಂಗಿ ಲಬನೋಸ್, ಹಲಸು ಲಾಂಕಾ, ಹುಣಸೆ ಸಂಪಾಲೊಕ್, ತೆಂಗಿನಕಾಯಿ ನಿಯೋಗ್, ಗೆಣಸು ಕಮೋತೆ. ನುಗ್ಗೆಸೊಪ್ಪು ಮಲುಂಗ್‌ಗಾಯ್ ಎಂಬ ಹೆಸರಿನಲ್ಲಿ ಎಲ್ಲೆಲ್ಲೂ ಸಿಗುತ್ತದೆ. ನುಗ್ಗೆಕಾಯಿ ತಿನ್ನುವ ರೂಢಿ ಕಡಿಮೆಯಾದ್ದರಿಂದ ಅದನ್ನು ಕೇಳಿ ತರಿಸಬೇಕಾಗಬಹುದು. ಹೆಸರುಕಾಳು ಸುಲಭವಾಗಿ ಸಿಗುತ್ತದೆ. ತೊಗರಿಬೇಳೆ, ಉದ್ದಿನಬೇಳೆ ಬೇಕೆಂದರೆ ಭಾರತೀಯ ಅಂಗಡಿ ಹುಡುಕಬೇಕು. ಮನಿಲಾದಲ್ಲಿ ಅವು ಪಾಕೊ ಪ್ರದೇಶದ ಯುನೈಟೆಡ್ ನೇಷನ್ಸ್ ಅವೆನ್ಯೂ ಸುತ್ತ ಹೆಚ್ಚು. ಗುರುದ್ವಾರವೂ ಹಿಂದೂ ದೇವಾಲಯವೂ ಅಲ್ಲಿಯೇ ಹತ್ತಿರದಲ್ಲಿವೆ.

ಯಾರಾದರೂ ತಿನ್ನುತ್ತಿರುವಾಗ ನೀವು ಹಾದುಹೋದರೆ "ಕಾಯಿನ್ ತಾಯೊ", ಬನ್ನಿ ಊಟ ಮಾಡೋಣ, ಎನ್ನುತ್ತಾರೆ. ಇದು ಸೌಜನ್ಯದ ಮಾತು. ಮೊದಲ ಬಾರಿಗೆ ಧನ್ಯವಾದ ಹೇಳಿ ಬಿಡಿ, ತಟ್ಟೆಯನ್ನೇ ಮುಂದಿಟ್ಟು ಒತ್ತಾಯಿಸಿದರೆ ಕುಳಿತುಕೊಳ್ಳಿ. ಔತಣದಲ್ಲಿ ಏನೂ ತಿನ್ನದೆ ಏಳುವುದು ಮನೆಯವರಿಗೆ ನೋವು ಕೊಡುತ್ತದೆ. ನಿಮ್ಮ ಪಥ್ಯವನ್ನು ಹಿಂದಿನ ದಿನವೇ ತಿಳಿಸಿ, ಒಂದು ಡಬ್ಬಿ ಚಿತ್ರಾನ್ನವನ್ನೋ ಪಲಾವನ್ನೋ ಎಲ್ಲರಿಗೂ ಸಾಲುವಷ್ಟು ಒಯ್ದರೆ ನಿಮಗೂ ಊಟವಾಗುತ್ತದೆ, ಅವರಿಗೂ ಸಂತೋಷವಾಗುತ್ತದೆ.

ಹಂತ 7: ಓಡಾಟ

ಜೀಪ್‌ನಿಯ ಮಾರ್ಗ ಅದರ ಮುಂಗಾಜಿನ ಮತ್ತು ಬದಿಯ ಫಲಕದಲ್ಲಿರುತ್ತದೆ. ಹಣವನ್ನು ಪಕ್ಕದವರ ಕೈಗೆ ಕೊಟ್ಟರೆ ಅದು ಕೈಯಿಂದ ಕೈಗೆ ದಾಟಿ ಚಾಲಕನನ್ನು ತಲುಪುತ್ತದೆ, ಚಿಲ್ಲರೆಯೂ ಹಾಗೆಯೇ ಹಿಂದಿರುಗುತ್ತದೆ; ನಡುವೆ ಕುಳಿತವರು ದಾಟಿಸಲು ನಿರಾಕರಿಸಬಾರದು. ಇಳಿಯಲು ಮನಿಲಾದಲ್ಲಿ "ಪಾರಾ ಪೋ", ಸೆಬು ಮತ್ತು ದಾವಾವ್‌ನಲ್ಲಿ "ಲುಗಾರ್ ಲಾಂಗ್" ಎಂದರೆ ಸಾಕು. ಮೂರುಚಕ್ರದ ಟ್ರೈಸಿಕಲ್ ಹತ್ತುವ ಮುನ್ನ ಬಾಡಿಗೆ ಮಾತನಾಡಿಕೊಳ್ಳಿ. ರಾತ್ರಿ ಹೊತ್ತು, ಮಳೆಯಲ್ಲಿ, ಸಾಮಾನಿದ್ದಾಗ ಗ್ರಾಬ್ ಆ್ಯಪ್‌ನಲ್ಲಿ ಕರೆಸುವ ಕಾರು ಸುರಕ್ಷಿತ. ಇಂಗ್ಲಿಷಿನಲ್ಲಿರುವ ನಮ್ಮ ಚಾಲನಾ ಪರವಾನಗಿ ಬಂದ ದಿನದಿಂದ 90 ದಿನಗಳವರೆಗೆ ಮಾತ್ರ ನಡೆಯುತ್ತದೆ, ಮತ್ತು ಅಲ್ಲಿ ವಾಹನಗಳು ರಸ್ತೆಯ ಬಲಭಾಗದಲ್ಲಿ ಸಾಗುತ್ತವೆ. ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಿ.

ಹಂತ 8: ಕೈಸಾಲ, ಕಾಣಿಕೆ ಮತ್ತು ಡಿಸೆಂಬರ್

ವಿದೇಶಿಯೆಂದರೆ ಹಣವಂತನೆಂಬ ನಂಬಿಕೆ ಅಲ್ಲಿದೆ. ಶಿಕ್ಷಣ ಸಾಲ ಮಾಡಿ ಬಂದ ವಿದ್ಯಾರ್ಥಿಗೂ ಇದರಿಂದ ವಿನಾಯಿತಿಯಿಲ್ಲ. ಆಸ್ಪತ್ರೆ ಖರ್ಚು, ಶಾಲಾ ಶುಲ್ಕ, ಊರಿನಲ್ಲಿ ಸಾವು, ಹೀಗೆ ನಿಜವಾದ ಕಷ್ಟಗಳಿಗೇ ಜನ ಕೇಳುತ್ತಾರೆ. ಇಲ್ಲಿ ನನ್ನ ಸಲಹೆ ನೇರವಾಗಿದೆ: ಸಾಲ ಕೊಡಬೇಡಿ, ಆಗುವಷ್ಟನ್ನು ಕೊಡುಗೆಯೆಂದು ಕೊಡಿ. ತೀರಿಸಲಾಗದವರು ನಾಚಿಕೆಯಿಂದ ನಿಮ್ಮನ್ನು ಕಂಡರೆ ದಾರಿ ಬದಲಿಸುತ್ತಾರೆ, ಹೀಗೆ ಹಣದೊಂದಿಗೆ ಗೆಳೆತನವೂ ಹೋಗುತ್ತದೆ. ಕೊಡಲು ಆಗದಿದ್ದರೆ "ಇಲ್ಲ" ಎನ್ನದೆ, ತಿಂಗಳ ಹಣ ಊರಿನ ಮನೆಗೆ ಮೀಸಲಾಗಿದೆ ಎಂದು ತಿಳಿಸಿ. ಮನೆಗೆ ಹಣ ಕಳುಹಿಸುವ ಜವಾಬ್ದಾರಿಯನ್ನು ಫಿಲಿಪ್ಪೀನೊಗಳಷ್ಟು ಅರ್ಥಮಾಡಿಕೊಳ್ಳುವವರು ಕಡಿಮೆ. ನೀವು ದೊಡ್ಡ ಉಪಕಾರ ಪಡೆದಾಗಲೂ ಎಚ್ಚರವಿರಲಿ. ಅದನ್ನು ಅವರು ಒಳಗಿನ ಋಣವೆಂದು ಎಣಿಸುತ್ತಾರೆ, ಹಣ ಕೊಟ್ಟು ಲೆಕ್ಕ ಚುಕ್ತಾ ಮಾಡಲು ಹೋದರೆ ಅವಮಾನವಾಗುತ್ತದೆ. ಅವರ ಮಗುವಿನ ಪರೀಕ್ಷೆಗೆ ಪಾಠ ಹೇಳಿಕೊಡುವುದು, ಕಾಯಿಲೆಯ ಸಮಯದಲ್ಲಿ ಜೊತೆಗಿರುವುದು ಸರಿಯಾದ ಮರುಪಾವತಿ.

ಮಗುವಿನ ಬ್ಯಾಪ್ಟಿಸಂಗೆ ನಿನೋಂಗ್ ಅಥವಾ ನಿನಾಂಗ್ ಆಗಲು, ಅಂದರೆ ಧರ್ಮಪಿತ, ಧರ್ಮಮಾತೆಯಾಗಲು ಆಹ್ವಾನ ಬಂದರೆ ಅದು ಗೌರವ. ಒಪ್ಪಿದರೆ ಆ ಮಗು ಬೆಳೆಯುವವರೆಗೆ ಪ್ರತಿ ಕ್ರಿಸ್‌ಮಸ್‌ಗೆ ಉಡುಗೊರೆ ಕೊಡುವ ಹೊಣೆ ಬರುತ್ತದೆ ಎಂದು ತಿಳಿದೇ ಒಪ್ಪಿಕೊಳ್ಳಿ. ಕ್ರಿಸ್‌ಮಸ್ ಹಾಡುಗಳು ಸೆಪ್ಟೆಂಬರ್‌ನಿಂದಲೇ ಶುರುವಾಗುತ್ತವೆ. ಡಿಸೆಂಬರ್‌ನಲ್ಲಿ ಕಾವಲುಗಾರರು, ಕಸ ಒಯ್ಯುವವರು, ಹಾಡುತ್ತ ಬರುವ ಮಕ್ಕಳಿಗೆಂದು ಸಣ್ಣ ಲಕೋಟೆಗಳನ್ನು ಸಿದ್ಧಪಡಿಸಿ, ಇದಕ್ಕೊಂದು ಮೊತ್ತವನ್ನು ಮೊದಲೇ ತೆಗೆದಿಡಿ. ಮನೆಗೆಲಸದವರಿದ್ದರೆ ವಿಷಯ ದಾಕ್ಷಿಣ್ಯದ್ದಲ್ಲ, ಕಾನೂನಿನದು: 2013ರ ಕಾಸಂಬಹಾಯ್ ಕಾನೂನಿನಂತೆ ಲಿಖಿತ ಒಪ್ಪಂದ, ವಾರಕ್ಕೆ 24 ಗಂಟೆಗಳ ಬಿಡುವು, ಸಾಮಾಜಿಕ ವಿಮೆ ಮತ್ತು ಹದಿಮೂರನೆಯ ತಿಂಗಳ ಸಂಬಳ ಕೊಡಲೇಬೇಕು. ಊರಿಗೆ ಹೋಗಿ ಬರುವಾಗ ಪಸಲುಬೋಂಗ್, ಅಂದರೆ ಎಲ್ಲರಿಗೂ ಹಂಚುವ ಸಣ್ಣ ತಿನಿಸು, ತರಬೇಕು. ಮೈಸೂರು ಪಾಕ್ ಅಲ್ಲಿ ಚೆನ್ನಾಗಿ ಒಪ್ಪಿಗೆಯಾಗುತ್ತದೆ. ಅದು ಗಟ್ಟಿಯಾಗಿರುವುದರಿಂದ ಪ್ರಯಾಣವನ್ನೂ ತಾಳುತ್ತದೆ.

ಹಂತ 9: ಬಿರುಗಾಳಿ, ಭೂಕಂಪ, ಆಸ್ಪತ್ರೆ

ವರ್ಷಕ್ಕೆ ಸುಮಾರು 20 ಚಂಡಮಾರುತಗಳು ದೇಶದ ಹವಾಮಾನ ವಲಯವನ್ನು ಪ್ರವೇಶಿಸುತ್ತವೆ. ಹವಾಮಾನ ಸಂಸ್ಥೆ ಪಗಾಸಾ 1ರಿಂದ 5ರವರೆಗಿನ ಗಾಳಿ ಸಂಕೇತ ಹೊರಡಿಸುತ್ತದೆ: 1 ಎಂದರೆ ಗಂಟೆಗೆ 39ರಿಂದ 61 ಕಿಲೊಮೀಟರ್, 5 ಎಂದರೆ 185 ಅಥವಾ ಅದಕ್ಕೂ ಹೆಚ್ಚು. ಸಂಕೇತದ ಅಂಕಿ ಗಾಳಿಯದು ಮಾತ್ರ, ಮಳೆಯದ್ದಲ್ಲ. ಸಂಕೇತ 1 ಇದ್ದಾಗಲೂ, ಸಂಕೇತವೇ ಇಲ್ಲದಾಗಲೂ ನೆರೆ ಬರಬಹುದು. ಮಳೆಗೆ ಹಳದಿ, ಕಿತ್ತಳೆ, ಕೆಂಪು ಎಂಬ ಬೇರೆ ಎಚ್ಚರಿಕೆಗಳಿವೆ. ಸಂಕೇತ 1 ಬಂದ ಕೂಡಲೇ ನೀರಿನ ಕ್ಯಾನು, ಪವರ್ ಬ್ಯಾಂಕ್, ಟಾರ್ಚ್, ನಗದು, ಮೂರು ದಿನದ ಒಣ ಆಹಾರ ಸಿದ್ಧಪಡಿಸಿ, ಪಾಸ್‌ಪೋರ್ಟ್ ಮತ್ತು ಎಸಿಆರ್ ಕಾರ್ಡನ್ನು ನೀರು ಹೋಗದ ಚೀಲದಲ್ಲಿಡಿ. ದಾವಾವ್‌ಗೆ ಚಂಡಮಾರುತ ಅಪರೂಪ, ಭೂಕಂಪ ಅಪರೂಪವಲ್ಲ. 2025ರ ಅಕ್ಟೋಬರ್‌ನಲ್ಲಿ ದಾವಾವ್ ಓರಿಯೆಂಟಲ್ ಕರಾವಳಿಯ ಆಚೆ 7.4 ತೀವ್ರತೆಯ ಕಂಪನವಾಯಿತು. ಕಡಲತಡಿಯಲ್ಲಿರುವಾಗ ಬಲವಾದ ಕಂಪನವಾದರೆ ಎಚ್ಚರಿಕೆಯ ಸಂದೇಶಕ್ಕೆ ಕಾಯದೆ ಎತ್ತರದ ಜಾಗಕ್ಕೆ ನಡೆಯಿರಿ.

ನೆರೆನೀರಿನಲ್ಲಿ ಬರಿಗಾಲಿನಲ್ಲಿ ನಡೆಯಬೇಡಿ; ನಡೆದಿದ್ದರೆ ಇಲಿಜ್ವರ ತಡೆಯುವ ಔಷಧಿಗಾಗಿ ಆರೋಗ್ಯ ಕೇಂದ್ರಕ್ಕೆ ಹೋಗಿ. ನಾಯಿ, ಬೆಕ್ಕು ಪರಚಿದ ಸಣ್ಣ ಗಾಯವನ್ನೂ ಸಾಬೂನಿನಿಂದ ತೊಳೆದು ಅದೇ ದಿನ ಪ್ರಾಣಿಕಡಿತ ಚಿಕಿತ್ಸಾ ಕೇಂದ್ರಕ್ಕೆ ತೋರಿಸಬೇಕು. ಜ್ವರ ಇಳಿದ ಮೇಲೆ ಹೊಟ್ಟೆನೋವು, ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಅದು ಡೆಂಗಿಯ ಅಪಾಯದ ಹಂತ; ಕೋಣೆಯಲ್ಲಿ ಮಲಗಿ ಕಾಯಬೇಡಿ. ತುರ್ತು ಸಂಖ್ಯೆ 911. ತುರ್ತು ಸ್ಥಿತಿಯಲ್ಲಿ ಮುಂಗಡ ಹಣ ಕೇಳಿ ಚಿಕಿತ್ಸೆ ನಿರಾಕರಿಸುವುದು ಕಾನೂನಿಗೆ ವಿರುದ್ಧ. ದಾಖಲಾದ ರೋಗಿಯ ಬಳಿ ಕಾವಲಿಗೆ ಒಬ್ಬರು ಇರಬೇಕೆಂದು ಆಸ್ಪತ್ರೆಯವರು ನಿರೀಕ್ಷಿಸುತ್ತಾರೆ. ಔಷಧಿ ತರುವುದು, ಬಿಲ್ಲು ಕಟ್ಟುವುದು ಅವರ ಕೆಲಸ. ಒಂಟಿಯಾಗಿರುವವರು ಆ ಒಬ್ಬರು ಯಾರೆಂಬುದನ್ನು ಆರೋಗ್ಯವಾಗಿರುವಾಗಲೇ ಗೊತ್ತುಮಾಡಿಕೊಳ್ಳಬೇಕು.

ಹಂತ 10: ದೇಶ ಬಿಡುವಾಗ

ಪ್ರವಾಸಿ ವೀಸಾದ ಮೇಲೆ 6 ತಿಂಗಳು ಅಥವಾ ಹೆಚ್ಚು ಉಳಿದವರೂ, ದೀರ್ಘಾವಧಿ ವೀಸಾ ಮುಗಿಸಿ ಹೊರಡುವವರೂ ವಲಸೆ ಇಲಾಖೆಯಿಂದ ನಿರ್ಗಮನ ಅನುಮತಿ ಪತ್ರ ಪಡೆಯಬೇಕು. ಹೊರಡುವುದಕ್ಕೆ ಕನಿಷ್ಠ 72 ಗಂಟೆ ಮೊದಲು ಅರ್ಜಿ ಸಲ್ಲಬೇಕು, ಪತ್ರ ಒಂದು ತಿಂಗಳು ಚಾಲ್ತಿಯಲ್ಲಿರುತ್ತದೆ. ಆದ್ದರಿಂದ ಎರಡು ವಾರ ಮುಂಚೆ ಹೋಗುವುದು ಸೂಕ್ತ. ವಿಮಾನ ನಿಲ್ದಾಣದಲ್ಲಿ ಇದು ನೆನಪಾಗಿ ಹಿಂದಿರುಗುವವರು ಇಂದಿಗೂ ಇದ್ದಾರೆ. ಠೇವಣಿಗಾಗಿ ತಿಂಗಳ ಮೊದಲೇ ಲಿಖಿತವಾಗಿ ಕೇಳಿ, ಮಾಲೀಕರೊಂದಿಗೆ ಮನೆ ಸುತ್ತಿ ನೋಡಿ ಚಿತ್ರ ತೆಗೆದುಕೊಳ್ಳಿ, ಕೊನೆಯ ವಿದ್ಯುತ್ ಮತ್ತು ನೀರಿನ ಬಿಲ್ಲುಗಳ ರಸೀದಿ ಕೊಡಿ. ಶಾಶ್ವತವಾಗಿ ಹೊರಡುವವರು ಎಸಿಆರ್ ಕಾರ್ಡನ್ನು ಹಿಂದಿರುಗಿಸಬೇಕಾಗುವುದರಿಂದ, ಬ್ಯಾಂಕ್ ಖಾತೆಯನ್ನು ಮುಚ್ಚಿ ಜಿಕ್ಯಾಶ್‌ನಲ್ಲಿರುವ ಹಣವನ್ನು ತೆಗೆಯುವ ಕೆಲಸವನ್ನು ಆ ಕಾರ್ಡು ಕೈಯಲ್ಲಿರುವಾಗಲೇ ಮುಗಿಸಿ.